ಹನ್ನೊಂದು ಸೆಕೆಂಡು ತಂಬೂರಿ

ಮೊನ್ನೆ ಮಂಗಳವಾರ ದೆಹಲಿಯ ದ್ವಾರಕಾದ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಮೆಟ್ಟಿಲ ಕಂಬಿಗಳಿಗೆ ಬಣ್ಣ ಬಳಿಯುತ್ತಿದ್ದರು. ಹಳದಿ ಎನಾಮೆಲ್ ಪೇಂಟು. ಲಿಫ್ಟು ಕೆಟ್ಟಿತ್ತೆಂದು ತರಕಾರಿ ಚೀಲ ಹಿಡಿದು ಹತ್ತುತ್ತಿದ್ದವಳಿಗೆ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಎರಡನೆಯ ಮಹಡಿಯಲ್ಲೇ ನಿಂತುಬಿಟ್ಟೆ. ಬಣ್ಣ ಬಳಿಯುವವನು ಕುಂಚ ಎತ್ತಿ ಹಿಡಿದು, "ಆಂಟೀಜಿ, ಚಕ್ಕರ್ ಆ ಗಯಾ ಕ್ಯಾ?" ಎಂದ. ತಲೆ ಸುತ್ತಿರಲಿಲ್ಲ. ಸಿಟ್ಟು ಬಂದಿತ್ತು. ಯಾರ ಮೇಲೆ ಎಂದು ಅವನೇನಾದರೂ ಕೇಳಿದ್ದರೆ ಅಲ್ಲೇ ಕುಳಿತು ಎರಡು ಸಾವಿರದ ಐದನೆಯ ಇಸವಿಯ ಏಪ್ರಿಲ್ ತಿಂಗಳಿಂದ ಶುರು ಮಾಡಬೇಕಾಗುತ್ತಿತ್ತು. "ಕುಛ್ ನಹೀ ಭಯ್ಯಾ" ಎಂದು ಹತ್ತಿ ಬಂದೆ.

ಕಾಲ ಎಲ್ಲವನ್ನೂ ಮಾಗಿಸುತ್ತದೆ ಎನ್ನುತ್ತಾರೆ. ನಾನು ಹಾಕಿದ ಉಪ್ಪಿನಕಾಯಿಗಳೆಲ್ಲ ಮಾಗಿವೆ. ಈ ಸಿಟ್ಟು ಮಾಗಿಲ್ಲ.

ಆಗ ನಾವು ಲೋಧಿ ಕಾಲೋನಿಯ ಸರ್ಕಾರಿ ಕ್ವಾರ್ಟರ್ಸಿನಲ್ಲಿದ್ದೆವು. ನಮ್ಮ ಮನೆಯವರು ಒಂದು ಸಚಿವಾಲಯದಲ್ಲಿ ಸೆಕ್ಷನ್ ಆಫೀಸರು. ಮಗಳು ಮೇಘನಾ ಹನ್ನೆರಡನೆಯ ತರಗತಿಗೆ ಕಾಲಿಟ್ಟಿದ್ದಳು. ಸುತ್ತಮುತ್ತಲ ನಮ್ಮ ಕಡೆಯ ಸಂಸಾರಗಳು ಸೇರಿ ನಡೆಸುತ್ತಿದ್ದ ಪುಟ್ಟದೊಂದು ಕನ್ನಡ ಸಂಘವಿತ್ತು. ಅದರ ಆಸ್ತಿಯೆಂದರೆ ಸದಸ್ಯರೊಬ್ಬರ ಗ್ಯಾರೇಜಿನಲ್ಲಿದ್ದ ಒಂದು ಉಕ್ಕಿನ ಬೀರು; ಅದರೊಳಗೆ ನಾಟಕದ ಕಿರೀಟಗಳು, ಕೀಲಿಗಳು ಮುರಿದ ಒಂದು ಹಾರ್ಮೋನಿಯಂ, ಮತ್ತು ಅರವತ್ತಮೂರು ಗ್ರಾಮಫೋನ್ ತಟ್ಟೆಗಳು. ದೆಹಲಿಯಿಂದ ವರ್ಗವಾಗಿ ಹೋಗುವವರು ಸಾಮಾನು ಕಟ್ಟುವಾಗ ಒಡೆಯಬಹುದಾದದ್ದನ್ನೆಲ್ಲ ಸಂಘಕ್ಕೆ ಬಿಟ್ಟು ಹೋಗುತ್ತಿದ್ದರು. ಹಾಗೆ ಮೂವತ್ತು ವರ್ಷಗಳಲ್ಲಿ ಕೂಡಿದ ತಟ್ಟೆಗಳು ಅವು.

ಅದರಲ್ಲೊಂದು ನನ್ನದು. ಮದುವೆಯಾಗಿ ಬಂದ ಹೊಸತರಲ್ಲಿ ನಾವು ಮುನಿರ್ಕಾದ ಒಂದು ಕೋಣೆಯಲ್ಲಿದ್ದೆವು. ಮಳೆಗಾಲದಲ್ಲಿ ಗೋಡೆಗೆ ಕೈಯಿಟ್ಟರೆ ಅಂಗೈ ಒದ್ದೆಯಾಗುತ್ತಿತ್ತು. ತಟ್ಟೆಗೆ ಬೂಷ್ಟು ಹಿಡಿದೀತೆಂದು ನಾನೇ ಅದನ್ನು ಸಂಘದ ಬೀರುವಿನಲ್ಲಿಟ್ಟು ಬಂದಿದ್ದೆ, ಜೋಪಾನವಾಗಿರಲಿ ಅಂತ.

ಆ ತಟ್ಟೆಯ ಮೇಲೆ ಹಾಡಿದವರು ಮೈಸೂರಿನ ನಮ್ಮ ಸೀತಾಬಾಯಿ ಟೀಚರ್. ಅವರು ಜೀವಮಾನದಲ್ಲಿ ಹೊರತಂದದ್ದು ಅದೊಂದೇ ತಟ್ಟೆ. ಮದರಾಸಿನ ಸ್ಟುಡಿಯೋಗೆ ಹೊರಟಾಗ ತಂಬೂರಿ ಮೀಟುವುದಕ್ಕೆ ಹದಿನೇಳು ವರ್ಷದ ನನ್ನನ್ನು ಕರೆದುಕೊಂಡು ಹೋದರು. ಪಿಟೀಲಿನವರ ಹೆಸರು, ಮೃದಂಗದವರ ಹೆಸರು ಲಕೋಟೆಯ ಹಿಂದೆ ಅಚ್ಚಾಗಿವೆ. ತಂಬೂರಿಯವಳ ಹೆಸರು ಹಾಕುವ ಪದ್ಧತಿ ಆಗ ಇರಲಿಲ್ಲ. ನನಗೂ ಅದೊಂದು ಕೊರತೆಯೆನಿಸಿರಲಿಲ್ಲ. ಸದ್ದು ಬರುತ್ತದೆಂದು ಸ್ಟುಡಿಯೋದವರು ಫ್ಯಾನು ನಿಲ್ಲಿಸಿದ್ದರು. ಮೇ ತಿಂಗಳ ಮದರಾಸು. ಎರಡು ದಿನ ಟೀಚರ ಬೆನ್ನ ಹಿಂದೆ ಕುಳಿತು ಮೀಟಿದೆ. ಎರಡನೆಯ ದಿನ ಬೆರಳ ತುದಿ ಒಡೆದು ತಂತಿಯ ಮೇಲೆ ರಕ್ತ ಬಂತು. "ನಿಲ್ಲಿಸ್ಬೇಡ ಕಣೇ, ನೀನು ನಿಂತರೆ ನನ್ನ ಕಾಲ ಕೆಳಗೆ ನೆಲ ಇರೋಲ್ಲ" ಅಂದರು ಟೀಚರ್. ಸ್ಟುಡಿಯೋದವನು ಕೈಸನ್ನೆ ಮಾಡಿದರೂ ಅವರು ಕೂಡಲೇ ಬಾಯಿ ತೆರೆಯುತ್ತಿರಲಿಲ್ಲ. ಮೊದಲು ಶ್ರುತಿ ಕೋಣೆಯನ್ನೆಲ್ಲ ತುಂಬಬೇಕು, ಆಮೇಲೆ ಹಾಡು. ಹಾಗಾಗಿ ಆ ತಟ್ಟೆಯ ಮೊದಲ ಮೈ ಶುರುವಾದಾಗ ಹನ್ನೊಂದು ಸೆಕೆಂಡು ಬರೀ ತಂಬೂರಿ ಇದೆ.

ಇತ್ತು.

ಆ ವರ್ಷ ಗ್ಯಾರೇಜಿನ ಸದಸ್ಯರು ನಿವೃತ್ತರಾಗುವವರಿದ್ದರು, ಗ್ಯಾರೇಜು ಖಾಲಿಯಾಗಬೇಕಿತ್ತು. ಸಂಘದ ಕಾರ್ಯದರ್ಶಿ ವೆಂಕೋಬರಾಯರು, ನಮ್ಮವರಂತೆಯೇ ಸಚಿವಾಲಯದ ಮನುಷ್ಯ, ಸಭೆ ಕರೆದು ಎಲ್ಲವನ್ನೂ ಕಂಪ್ಯೂಟರಿಗೆ ಹಾಕಿಸೋಣ, ರಾಜ್ಯೋತ್ಸವಕ್ಕೆ ಸಿ.ಡಿ. ಬಿಡುಗಡೆ ಮಾಡೋಣ ಎಂದರು. ಯಾರು ಮಾಡುತ್ತಾರೆ ಎಂದದ್ದಕ್ಕೆ ಗಂಡಸರೆಲ್ಲ ಗೋಡೆಯ ಕ್ಯಾಲೆಂಡರ್ ನೋಡತೊಡಗಿದರು. ನಾನು ಕೈ ಎತ್ತಿದೆ. ನಮ್ಮ ಮನೆಯಲ್ಲಿ ಒಂದು ಒಳ್ಳೆಯ ರೆಕಾರ್ಡ್ ಪ್ಲೇಯರ್ ಇತ್ತು. ಚಾಣಕ್ಯಪುರಿಯ ಯಾವುದೋ ರಾಯಭಾರ ಕಚೇರಿಯ ಸಂಸಾರ ಊರಿಗೆ ಮರಳುವಾಗ ಮನೆಮುಂದೆ ಸಾಮಾನು ಹರಡಿ ಮಾರುತ್ತಿದ್ದಾಗ ಇವರು ತಂದದ್ದು. ಆದರೆ ಕೈ ಎತ್ತಿದ್ದಕ್ಕೆ ನಿಜವಾದ ಕಾರಣ ಅದಲ್ಲ. ಟೀಚರ್ ಹಿಂದಿನ ಚಳಿಗಾಲ ತೀರಿಕೊಂಡಿದ್ದರು. ಅವರ ದನಿಯೂ ನನ್ನ ಬೆರಳೂ ಕೂಡಿದ್ದ ಆ ನಲವತ್ತು ನಿಮಿಷ ಯಾರದೋ ಅಂಗಡಿಯಲ್ಲಿ ಯಾರದೋ ಅವಸರದಲ್ಲಿ ಹಾಳಾಗಬಾರದು ಎಂದು ನನಗಿತ್ತು.

ಹೀಗೆ ಶುರುವಾಯಿತು ಆ ಬೇಸಿಗೆ. ತಟ್ಟೆಯನ್ನು ಕಂಪ್ಯೂಟರಿಗೆ ಇಳಿಸುವುದೆಂದರೆ ಗುಂಡಿ ಒತ್ತಿ ಎದ್ದು ಹೋಗುವ ಕೆಲಸವಲ್ಲ. ಇಪ್ಪತ್ತು ನಿಮಿಷದ ಹಾಡಿಗೆ ಇಪ್ಪತ್ತು ನಿಮಿಷ ಕಾಯಲೇಬೇಕು. ಅದಕ್ಕೆ ಮೊದಲು ತಟ್ಟೆ ತೊಳೆಯಬೇಕು. ನಲ್ಲಿ ನೀರಾದರೆ ಸುಣ್ಣದ ಕಲೆ ಉಳಿಯುತ್ತದೆ. ಇನ್‌ವರ್ಟರ್ ಬ್ಯಾಟರಿಗೆ ಹಾಕುವ ನೀರಿನ ಕ್ಯಾನು ತರಿಸಿ, ಪಾತ್ರೆ ಸೋಪಿನ ಒಂದು ಹನಿ ಬೆರೆಸಿ, ಇವರ ಹಳೆಯ ಪಂಚೆಯ ತುಂಡಿನಿಂದ ಗೆರೆ ಹೋದ ದಿಕ್ಕಿನಲ್ಲೇ ಒರೆಸುತ್ತಿದ್ದೆ. ಮೊದಲ ವಾರವೆಲ್ಲ ಪ್ರತಿ ಹಾಡಿನಡಿಯಲ್ಲೂ ಒಂದು ಗುಂಯ್‌ ಸದ್ದು ಬರುತ್ತಿತ್ತು. ಪ್ಲೇಯರಿನ ಹಿಂಬದಿಯಿಂದ ಒಂದು ತಂತಿ ಎಳೆದು ಅಡುಗೆಮನೆಯ ನಲ್ಲಿಗೆ ಬಿಗಿದ ಮೇಲೆ ಅದು ನಿಂತಿತು. ಆ ತಂತಿ ದಾಟುವುದನ್ನು ಮನೆಮಂದಿಯೆಲ್ಲ ಕಲಿತರು.

ಸೂಜಿ ಬೀದಿಯ ಕೂಗನ್ನು ಕೇಳಿಸಿಕೊಳ್ಳುವುದಿಲ್ಲ, ಆದರೆ ನೆಲದ ಅದುರನ್ನು ಕೇಳಿಸಿಕೊಳ್ಳುತ್ತದೆ. ಕೂಲರ್ ಓಡಿದರೆ ಮೇಜು ನಡುಗುತ್ತದೆ. ಫ್ರಿಜ್ಜು ತನ್ನಷ್ಟಕ್ಕೆ ಶುರುವಾದರೆ ಹಾಡಿನ ನಡುವೆ ಟಕ್ ಎಂದು ಕೂರುತ್ತದೆ. ಹಾಗಾಗಿ ಬೆಳಿಗ್ಗೆ ಹತ್ತರಿಂದ ಹನ್ನೆರಡರವರೆಗೆ ಎರಡನ್ನೂ ನಿಲ್ಲಿಸುತ್ತಿದ್ದೆ. ಹೊರಗೆ ಲೂ ಗಾಳಿ ಬೇವಿನ ಮರಗಳನ್ನು ಹುರಿಯುತ್ತಿತ್ತು. ಸೆರಗನ್ನು ಒದ್ದೆ ಮಾಡಿಕೊಂಡು ತಲೆಯ ಮೇಲೆ ಹೊದ್ದು ಕೂರುತ್ತಿದ್ದೆ. ಎರಡು ಸಲ ಹಾಲು ಒಡೆಯಿತು.

"ಅಮ್ಮಾ, ಯಾರ್, ಕೂಲರ್ ತೋ ಆನ್ ಕರೋ! ನಾನು ಪಿಘಲ್ ಆಗ್ತಿದೀನಿ ಇಲ್ಲಿ" ಎಂದು ಒಳಗಿನಿಂದ ಮೇಘನಾ.

"ಇನ್ನು ಏಳು ನಿಮಿಷ. ಮಂಚದ ಮೇಲಿಂದ ಇಳೀಬೇಡ, ನೆಲ ಅದುರುತ್ತೆ."

"ಸೀರಿಯಸ್‌ಲೀ? ಬಾತ್‌ರೂಮ್ ಭೀ ನಹೀ?"

"ಏಳು ನಿಮಿಷ ತಡಕೊಂಡರೆ ಯಾರೂ ಸತ್ತಿಲ್ಲ."

ಆರನೆಯ ನಿಮಿಷಕ್ಕೆ ಕರೆಂಟು ಹೋಗುತ್ತಿತ್ತು. ಮತ್ತೆ ಮೊದಲಿನಿಂದ. ಒಂದು ನೂರು ಪುಟದ ನೋಟುಬುಕ್ಕಿನಲ್ಲಿ ಎಲ್ಲ ಬರೆದಿಡುತ್ತಿದ್ದೆ: ಯಾವ ತಟ್ಟೆ, ಯಾವ ಮೈ, ಎಷ್ಟನೆಯ ನಿಮಿಷದಲ್ಲಿ ಗೀರು, ಎಷ್ಟು ಸಲ ಕರೆಂಟು ಹೋಯಿತು, ಮೇಲಿನ ಮನೆಯವರು ಯಾವಾಗ ಮಸಾಲೆ ಕುಟ್ಟಿದರು. ವಾರಕ್ಕೊಮ್ಮೆ ವೆಂಕೋಬರಾಯರು ಬಂದು ಕಾಫಿ ಕುಡಿದು ಹೋಗುತ್ತಿದ್ದರು. "ಇನ್ನೂ ಎಷ್ಟಮ್ಮಾ ಬಾಕಿ? ಒಂದು ಸ್ಟೇಟಸ್ ರಿಪೋರ್ಟ್ ಕೊಡಿ" ಎನ್ನುತ್ತಿದ್ದರು. ಒಂದು ದಿನ ತಡೆಯಲಾಗದೆ, "ನೀವೂ ಕೂತು ಒಂದು ತಟ್ಟೆ ತೊಳೀರಿ, ಸ್ಟೇಟಸ್ ಬೇಗ ಬದಲಾಗುತ್ತೆ" ಎಂದೆ. "ಅಚ್ಛಾ ಅಚ್ಛಾ, ಚಲೋ, ಆಫೀಸಿಗೆ ಲೇಟಾಯ್ತು" ಎಂದು ಚಪ್ಪಲಿ ಹುಡುಕಿದರು.

ನನ್ನ ತಟ್ಟೆಯನ್ನು ಕೊನೆಗಿಟ್ಟುಕೊಂಡಿದ್ದೆ. ಅಷ್ಟರಲ್ಲಿ ಕೈ ಪಳಗಿರುತ್ತದೆ ಎಂಬ ಲೆಕ್ಕ. ಜುಲೈ ಮೊದಲ ವಾರ, ಮೊದಲ ಮಳೆ ಬಿದ್ದ ದಿನ. ಕರೆಂಟು ಹೋಗಲಿಲ್ಲ. ಸೂಜಿ ಇಳಿದು ಒಂದೆರಡು ಸಲ ಚಟಪಟಿಸಿ, ಆಮೇಲೆ ಬಂತು ನೋಡಿ, ಹದಿನೇಳರ ನನ್ನ ಕೈ. ಪ ಸ ಸ ಸ. ಒಂದು ಮೀಟಿಗೂ ಇನ್ನೊಂದಕ್ಕೂ ಕೂದಲೆಳೆಯ ವ್ಯತ್ಯಾಸವಿಲ್ಲ. ಮದುವೆಯಾದ ಮೇಲೆ ನಾನು ಹಾಡಿರಲಿಲ್ಲ. ನನ್ನ ತಂಬೂರಿ ಗವಸು ಹಾಕಿಕೊಂಡು ಬಾಗಿಲ ಹಿಂದೆ ನಿಂತಿತ್ತು, ಅದರ ಬಿರಡೆಗಳಿಗೆ ನಾವು ಕೊಡೆ ತೂಗು ಹಾಕುತ್ತಿದ್ದೆವು. ಅಂದು ಹನ್ನೊಂದನೆಯ ಸೆಕೆಂಡು ದಾಟಿ ಟೀಚರ ದನಿ ಏಳುವಾಗ ನನ್ನ ಬೆರಳು ಮೇಜಿನಂಚನ್ನು ಮೀಟುತ್ತಿತ್ತು.

ಇಳಿಸಿ ಆದ ಮೇಲೆ, ಎಲ್ಲ ತಟ್ಟೆಗಳಿಗೂ ಮಾಡಿದಂತೆ, ಮೊದಲ ಚಟಪಟವನ್ನು ಕತ್ತರಿಸಿ ತೆಗೆದೆ. ಫೈಲು ತಂಬೂರಿಯಿಂದಲೇ ಅಚ್ಚುಕಟ್ಟಾಗಿ ಶುರುವಾಗಲಿ ಎಂದು. ನನ್ನ ಆ ಅಚ್ಚುಕಟ್ಟೇ ಆಮೇಲೆ ಮುಳುವಾಯಿತು. ಅದನ್ನೂ ಹೇಳಿಬಿಡುತ್ತೇನೆ, ಪರರ ತಪ್ಪನ್ನು ಮಾತ್ರ ಬರೆದಿಡುವವಳಲ್ಲ ನಾನು.

ಎಲ್ಲವೂ ಇದ್ದದ್ದು ಸಂಘ ಕೊಡಿಸಿದ್ದ, ಇಟ್ಟಿಗೆಯಂಥ ಒಂದು ಹಾರ್ಡ್ ಡಿಸ್ಕಿನಲ್ಲಿ. ಒಯ್ಯಲು ಬಂದ ವೆಂಕೋಬರಾಯರು ಟೈಪು ಮಾಡಿದ ಎರಡು ಹಾಳೆ ಮುಂದಿಟ್ಟರು. ಚಾರ್ಜು ಹಸ್ತಾಂತರದ ಪತ್ರ! ತಟ್ಟೆಗಳು ಅರವತ್ತಮೂರು, ಡಿಸ್ಕು ಒಂದು, 'ಸಂಘದ ಸ್ವತ್ತಿನ ಯಾವುದೇ ಪ್ರತಿಯನ್ನು ನನ್ನ ಬಳಿ ಉಳಿಸಿಕೊಂಡಿರುವುದಿಲ್ಲ.'

"ಇದೇನು ರಾಯರೇ, ನಾನು ಕಳ್ಳಿಯೇ?"

"ಛೆ ಛೆ, ಪ್ರೊಸೀಜರ್ ಅಮ್ಮಾ. ನಾಳೆ ಯಾರೂ ಕೇಳಬಾರದು ನೋಡಿ. ನಿಮ್ಮ ಯಜಮಾನರನ್ನೇ ಕೇಳಿ."

ಯಜಮಾನರು ಪತ್ರಿಕೆಯಿಂದ ತಲೆ ಎತ್ತದೆ, "ಹಾಕೇ, ರೊಟೀನು" ಎಂದರು. ಸಹಿ ಹಾಕಿದೆ. ಹಾಕಿದ್ದಷ್ಟೇ ಅಲ್ಲ, ಅದರಂತೆ ನಡೆದುಕೊಂಡೆ. ನಮ್ಮ ಕಂಪ್ಯೂಟರಿನಲ್ಲಿದ್ದದ್ದನ್ನೆಲ್ಲ ಅಳಿಸಿದೆ. ನನ್ನ ಟೀಚರನ್ನೂ ಅಳಿಸಿದೆ. ಇಷ್ಟು ವರ್ಷದಲ್ಲಿ ಯಾರ ಮೇಲೆ ಬಂದ ಸಿಟ್ಟಿಗಿಂತಲೂ ಆ ಹೊತ್ತಿನ ನನ್ನ ಪ್ರಾಮಾಣಿಕತೆಯ ಮೇಲೆ ಬಂದ ಸಿಟ್ಟು ದೊಡ್ಡದು.

"ತಟ್ಟೆಗಳನ್ನ ಎಲ್ಲಿಡ್ತೀರಿ? ನನ್ನದು ನನಗೆ ವಾಪಸ್ ಬೇಕು, ಸಿ.ಡಿ. ಆದ ಮೇಲೆ."

"ಸೇಫಾಗಿರುತ್ತಮ್ಮಾ. ಬರೆದುಕೊಂಡಿದೀನಿ" ಎಂದು ಜೇಬು ತಟ್ಟಿದರು.

ಆಮೇಲೆ ಮೂರು ಸಲ ಕೇಳಿದೆ. ಗಣೇಶನ ಹಬ್ಬದಲ್ಲಿ, ದಸರೆಯ ಗೊಂಬೆ ನೋಡಲು ಅವರ ಮನೆಗೆ ಹೋದಾಗ, ದೀಪಾವಳಿಯ ಮಾರನೆಯ ದಿನ. ಮೂರು ಸಲವೂ ಅದೇ ಜೇಬು ತಟ್ಟಿದರು.

ನವೆಂಬರಿನ ಒಂದು ಭಾನುವಾರ ಬಾಡಿಗೆಯ ಸಭಾಂಗಣದಲ್ಲಿ ರಾಜ್ಯೋತ್ಸವ. ಬೆಳಗಿನಿಂದ ನಾಲ್ಕು ಜನ ಹೆಂಗಸರು ಸೇರಿ ಬಿಸಿಬೇಳೆಬಾತು ಮಾಡಿದ್ದೆವು. ದೊಡ್ಡ ಪಾತ್ರೆಗಳನ್ನು ಇಳಿಸಿ, ಸೀರೆ ಸರಿಮಾಡಿಕೊಂಡು ಒಳಗೆ ಬಂದರೆ ಎನಾಮೆಲ್ ಪೇಂಟಿನ ವಾಸನೆ. ವೇದಿಕೆಯ ಹಿಂದೆ ಕೆಂಪು ಬಟ್ಟೆ ಹೊದಿಸಿದ ಪ್ಲೈವುಡ್ಡು. ಅದರ ಮೇಲೆ ಏಳು ದುಂಡನೆಯ ಹಲಗೆ, ಒಂದೊಂದರ ಮೇಲೂ ಹಳದಿಯಲ್ಲಿ ಒಂದೊಂದು ಅಕ್ಷರ: ಕ, ನ್ನ, ಡ, ರಾ, ಜ್ಯೋ, ತ್ಸ, ವ. ಸುತ್ತ ಅಂಚಿಗೆ ತೋರಣದ ಹಾಗೆ ಇನ್ನಷ್ಟು ದುಂಡು, ಅವಕ್ಕೆ ಹೂಬಳ್ಳಿ ಬರೆದಿದ್ದರು. ಚೆನ್ನಾಗಿದೆಯಲ್ಲ ಎಂದೇ ಅಂದುಕೊಂಡೆ. ಆಣೆ ಮಾಡಿ ಹೇಳುತ್ತೇನೆ, ಎರಡು ನಿಮಿಷ ಹಾಗೇ ಅಂದುಕೊಂಡೆ. ಮುಂದಿನ ಸಾಲಿನಲ್ಲಿ ಕುಳಿತ ಮೇಲೆ ದೀಪದ ಬೆಳಕು ಅವುಗಳ ಮೇಲೆ ಬಿತ್ತು. ಬಣ್ಣ ತಾಗದ ಅಂಚುಗಳಲ್ಲಿ ಸಣ್ಣ ಗೆರೆಗಳು ಮಿನುಗಿದವು.

ನಾನು ಪಕ್ಕದಲ್ಲಿದ್ದ ಇವರ ಮೊಣಕೈ ಹಿಡಿದೆ. "ಅವು ತಟ್ಟೆಗಳು."

"ಹೂಂ. ಗ್ಯಾರೇಜು ಬಿಡಬೇಕಿತ್ತಲ್ಲ. ಕಂಡೆಮ್ ಮಾಡಿದ್ವಿ."

"ಏನು ಮಾಡಿದಿರಿ?"

ಸರ್ಕಾರಿ ನೌಕರರ ಮನೆಯವರಿಗೆ ಈ ಮಾತು ಬಿಡಿಸಿ ಹೇಳಬೇಕಾಗಿಲ್ಲ. ಕಚೇರಿಯ ಮುರಿದ ಕುರ್ಚಿ, ಓಡದ ಫ್ಯಾನುಗಳನ್ನು ಮೂರು ಜನರ ಸಮಿತಿ ನೋಡಿ, ಇನ್ನು ಉಪಯೋಗವಿಲ್ಲ ಎಂದು ಬರೆದು ಸಹಿ ಮಾಡಿದರೆ ಆ ವಸ್ತು ಸತ್ತಂತೆ. ನಮ್ಮ ಸಂಘದ ಮಹನೀಯರು, ಮೂವತ್ತು ವರ್ಷ ಕಡತ ತಿರುವಿ ಬೆರಳು ಸವೆಸಿದವರು, ತಟ್ಟೆಗಳಿಗೂ ಅದನ್ನೇ ಮಾಡಿದ್ದರು. ಡಿಸ್ಕಿಗೆ ಇಳಿಸಿಯಾಗಿದೆ, ಆದ್ದರಿಂದ ಮೂಲವಸ್ತು ನಿರುಪಯುಕ್ತ. ಮೂರು ಸಹಿ. ವೆಂಕೋಬರಾಯರದ್ದು, ಗ್ಯಾರೇಜಿನವರದ್ದು, ಮೂರನೆಯದು ನನ್ನ ಪಕ್ಕದಲ್ಲಿ ಕುಳಿತಿದ್ದವರದ್ದು.

"ನೀವು ಸಹಿ ಹಾಕಿದಿರಾ?"

"ನೋಟು ಬಂತು, ಹಾಕಿದೆ. ಅದರಲ್ಲಿ ನಿನ್ನದೂ ಇತ್ತು ಅಂತ..." ಇಡೀ ಬೇಸಿಗೆ ಅವರ ಮನೆಯಲ್ಲೇ, ಅವರ ಪಂಚೆಯಲ್ಲೇ ಒರೆಸಿದ ತಟ್ಟೆಗಳವು.

ಅಷ್ಟರಲ್ಲಿ ಮುಖ್ಯ ಅತಿಥಿ ಸಿ.ಡಿ.ಯ ಜರಿಕಾಗದ ಬಿಚ್ಚಿದರು, ಚಪ್ಪಾಳೆ. ಮೊದಲ ಹಾಡು ಕೇಳಿಸುತ್ತೇವೆ ಎಂದರು. ಮೊದಲನೆಯದೇ ಟೀಚರದ್ದು; ಪಟ್ಟಿ ಮಾಡಿ ಕೊಟ್ಟಿದ್ದವಳು ನಾನೇ. ಸಭಾಂಗಣ ನಿಶ್ಶಬ್ದವಾಯಿತು. ಏನೂ ಬರಲಿಲ್ಲ. ನಾನು ಒಳಗೊಳಗೇ ಎಣಿಸುತ್ತಿದ್ದೆ. ಮೂರು, ನಾಲ್ಕು. ಯಾರೋ ಕೆಮ್ಮಿದರು. "ಪ್ಲೇ ಆಗ್ತಿಲ್ಲ ಕಣ್ರೀ" ಎಂದರು ಹಿಂದಿನ ಸಾಲಿನವರು. ವೆಂಕೋಬರಾಯರು ಪ್ಲೇಯರಿನವನಿಗೆ ಕಣ್ಣಲ್ಲೇ ಬೈಯುತ್ತಿದ್ದರು. ಎಂಟು, ಒಂಬತ್ತು. ಹನ್ನೊಂದಕ್ಕೆ ಸರಿಯಾಗಿ, ಎಲ್ಲಿಂದಲೋ ಕಿತ್ತು ಎಸೆದ ಹಾಗೆ, ಟೀಚರ ದನಿ ಬಂತು.

ಕೆಳಗೆ ಏನೂ ಇರಲಿಲ್ಲ. ಶ್ರುತಿಯಿಲ್ಲದ ಹಾಡು ಹೇಗಿರುತ್ತದೆಂದು ಹಾಡು ಕಲಿಯದವರಿಗೆ ಹೇಗೆ ಹೇಳಲಿ? ಮೆಟ್ಟಿಲು ತೆಗೆದ ಮೇಲೂ ಮಹಡಿಗೆ ಹತ್ತುತ್ತಿರುವವರ ಹಾಗೆ. ಅದರ ಮೇಲೆ ದನಿ ನೀರೊಳಗಿಂದ ಬಂದಂತೆ ಗುಳುಗುಳು ಎನ್ನುತ್ತಿತ್ತು. ಚಪ್ಪಾಳೆ ಜೋರಾಗಿ ಬಿತ್ತು. "ಎಷ್ಟು ಕ್ಲೀನಾಗಿದೆ ನೋಡಿ" ಎಂದರು ಯಾರೋ.

ಎದ್ದು ಹೋಗಿ ಪ್ಲೇಯರಿನ ಹತ್ತಿರ ನಿಂತಿದ್ದ ನವೀನನನ್ನು ಹಿಡಿದೆ. ವೆಂಕೋಬರಾಯರ ಅಳಿಯ, ಗುಡ್‌ಗಾಂವಿನ ಐ.ಟಿ. ಕಂಪನಿಯಲ್ಲಿ ಮ್ಯಾನೇಜರು. ಕೆಟ್ಟವನಲ್ಲ. ಅದೇ ತೊಂದರೆ, ಕೆಟ್ಟವರಾಗಿದ್ದರೆ ಬೈಯುವುದು ಸುಲಭ.

"ತಂಬೂರಿ ಎಲ್ಲಪ್ಪಾ?"

"ಯಾವುದು ಆಂಟೀ?"

"ಶುರುವಿನಲ್ಲಿ ಹನ್ನೊಂದು ಸೆಕೆಂಡು ಇತ್ತಲ್ಲ."

ಅವನ ಮುಖ ಅರಳಿತು. "ಓ ಅದಾ! ಅದೇ ತುಂಬಾ ಹೆಲ್ಪ್ ಆಯ್ತು ಆಂಟೀ. ಸಾಫ್ಟ್‌ವೇರಿಗೆ ಮೊದಲು ಹಾಡಿಲ್ಲದ ಒಂದು ಜಾಗ ತೋರಿಸಬೇಕು, ಇಷ್ಟು ನಾಯ್ಸು ಅಂತ. ಅದನ್ನ ಇಡೀ ಹಾಡಿಂದ ಕಳೆದು ಹಾಕುತ್ತೆ. ಇದರಲ್ಲಿ ಸ್ಟಾರ್ಟಿಂಗಲ್ಲೇ ಹನ್ನೊಂದು ಸೆಕೆಂಡ್ ಬರೀ ಹಮ್ ಇತ್ತು. ಪರ್ಫೆಕ್ಟ್ ಸ್ಯಾಂಪಲ್."

"ಅದು ಹಮ್ ಅಲ್ಲಪ್ಪಾ."

"ಮತ್ತೆ?"

"ಅದು ನಾನು."

ಅವನಿಗೆ ಅರ್ಥವಾಗಲಿಲ್ಲ. ಆ ಮೊದಲ ಚಟಪಟವನ್ನು ನಾನು ಕತ್ತರಿಸದೆ ಬಿಟ್ಟಿದ್ದರೆ ಅವನು ಸಾಫ್ಟ್‌ವೇರಿಗೆ ಅದನ್ನೇ ತೋರಿಸುತ್ತಿದ್ದನೇನೋ. ಮೂಲ ಫೈಲು ಇದೆಯಾ ಎಂದು ಕೇಳಿದೆ. ಅದೇ ಹೆಸರಿನಲ್ಲಿ ಅದರ ಮೇಲೆಯೇ ಸೇವ್ ಮಾಡಿದ್ದ. "ಎರಡೆರಡು ವರ್ಷನ್ ಇದ್ರೆ ಅಂಕಲ್‌ಗೆ ಕನ್‌ಫ್ಯೂಸ್ ಆಗುತ್ತೆ ಅಂತ. ಸಾರಿ ಆಂಟೀ. ನೀವು ಒಂದು ಕಾಪಿ ಇಟ್ಕೊಂಡಿರ್ತೀರಲ್ಲ?"

ವೇದಿಕೆಯ ಮೇಲೆ ಆಗ ಮುಖ್ಯ ಅತಿಥಿಯ ಭಾಷಣ, ಹೊರನಾಡಿನಲ್ಲಿ ಕನ್ನಡ ಸಂಸ್ಕೃತಿಯ ಸಂರಕ್ಷಣೆ ಎಂಬ ವಿಷಯದ ಮೇಲೆ. ನಾನು ಪಕ್ಕದ ಕೋಣೆಗೆ ಹೋಗಿ ಮೈಕಿನವನ ಡಬ್ಬಿಯಿಂದ ಸ್ಕ್ರೂಡ್ರೈವರ್ ತೆಗೆದುಕೊಂಡೆ. ಭಾಷಣ ಮುಗಿಯುವವರೆಗೆ ಕಾದೆ. ಅಷ್ಟು ಸಂಸ್ಕಾರ ಇತ್ತು ನನ್ನಲ್ಲಿ. ವಂದನಾರ್ಪಣೆಗೆ ಕಾಯಲಿಲ್ಲ. ಒಂದು ಕುರ್ಚಿ ಎಳೆದು ವೇದಿಕೆ ಹತ್ತಿ, 'ಕ' ಅಕ್ಷರದ ಕೆಳಗಿಟ್ಟು ಮೇಲೆ ನಿಂತೆ.

"ಅಮ್ಮಾ, ಏನಿದು? ಗೆಸ್ಟ್ ಇದ್ದಾರೆ! ಇನ್ನೂ ಗ್ರೂಪ್ ಫೋಟೋ ಆಗಿಲ್ಲ!" ವೆಂಕೋಬರಾಯರು ಕೈ ಮುಗಿಯುತ್ತಲೇ ಗದರಿದರು.

"ತೆಗೀರಿ ಫೋಟೋ. ನಾನೂ ಇರ್ತೀನಿ ಅದರಲ್ಲಿ."

ತಟ್ಟೆಯ ನಡುವೆ ತೂತು ಮೊದಲೇ ಇದೆಯಲ್ಲ, ಅದರಲ್ಲೇ ಸ್ಕ್ರೂ ಕೂರಿಸಿದ್ದರು. ಮುಂಭಾಗಕ್ಕೆಲ್ಲ ಬಣ್ಣ ಬಳಿದದ್ದರಿಂದ ಯಾವುದು ಯಾರದೆಂದು ತಿಳಿಯುತ್ತಿರಲಿಲ್ಲ; ಬಿಚ್ಚಿ, ಮಗುಚಿ, ಹಿಂಬದಿಯ ಹೆಸರು ಓದಬೇಕು. 'ಕ' ನನ್ನದಲ್ಲ. 'ನ್ನ' ಅಲ್ಲ. ಕೆಳಗೆ ಯಾರೋ ಕುರ್ಚಿ ಹಿಡಿದುಕೊಂಡರು. ನೋಡಿದರೆ ಇವರು.

"ಬೀಳ್ತೀಯ ಕಣೇ."

"ಬಿದ್ದರೆ ಕಂಡೆಮ್ ಮಾಡಿ."

ಇವರು ಕುರ್ಚಿ ಬಿಡಲಿಲ್ಲ. ಬೆವರಿದ ಮುಖ, ಮುಂದೆ ಇನ್ನೂರು ಜನ, ಅರ್ಧದಷ್ಟು ಇವರ ಕಚೇರಿಯ ಪರಿಚಯದವರು. 'ಡ' ಮಗುಚಿದೆ. ಹಸಿರು ಲೇಬಲ್ಲಿನ ಮೇಲೆ ಟೀಚರ ಹೆಸರು, ಮೂಲೆಯಲ್ಲಿ ನೀಲಿ ಶಾಯಿಯಲ್ಲಿ ನನ್ನ ತವರಿನ ಇನಿಷಿಯಲ್ಲು. ನನ್ನದು ಸಿಕ್ಕಿದ ಮೇಲೆ ಇಳಿಯಬಹುದಿತ್ತು. ಇಳಿಯಲಿಲ್ಲ. ಏಳನ್ನೂ ಬಿಚ್ಚಿದೆ. ಬಿಚ್ಚಿದ್ದನ್ನು ಒಂದೊಂದಾಗಿ ಇವರ ಕೈಗೆ ಕೊಟ್ಟೆ. ಇವರು ಎದೆಗವಚಿ ಹಿಡಿದುಕೊಂಡರು. ಪೂರ್ತಿ ಒಣಗದ ಹಳದಿ ಬಣ್ಣ ಬಿಳಿ ಅಂಗಿಗೆ ಅಂಟಿತು. ಹೂಬಳ್ಳಿಯ ತಟ್ಟೆಗಳವರೆಗೆ ನನ್ನ ಕೈ ಎಟುಕಲಿಲ್ಲ.

ಬಿಸಿಬೇಳೆಬಾತು ಆ ದಿನ ಮಿಕ್ಕಿತಂತೆ. ನಾವು ಊಟಕ್ಕೆ ನಿಲ್ಲಲಿಲ್ಲ.

ಮುಂದಿನ ತಿಂಗಳು ಸಂಘದ ನಡಾವಳಿ ಪುಸ್ತಕದಲ್ಲಿ 'ಸದಸ್ಯೆಯೊಬ್ಬರಿಗೆ ಉಂಟಾದ ಅನಾನುಕೂಲಕ್ಕೆ ಖೇದ ವ್ಯಕ್ತಪಡಿಸಲಾಯಿತು' ಎಂದು ಬರೆದರು. ವ್ಯಕ್ತಪಡಿಸಿದವರು ಯಾರು, ಯಾರೆದುರಿಗೆ? ವೆಂಕೋಬರಾಯರು ನಮ್ಮ ಮನೆಯ ಮೆಟ್ಟಿಲನ್ನೇ ತುಳಿಯಲಿಲ್ಲ. ಒಂದು ಸಲ ಮದರ್ ಡೈರಿಯ ಸಾಲಿನಲ್ಲಿ ಸಿಕ್ಕಾಗ, "ನೀವು ಸ್ವಲ್ಪ ಜಾಸ್ತಿ ಮಾಡಿದಿರಿ ಅಮ್ಮಾ, ಹಾಡು ಕೇಳಿಸ್ತಲ್ಲ, ಹಿಂದಿನ ಸದ್ದು ತಾನೇ ಹೋದದ್ದು" ಎಂದರು. ಹಾಲಿನ ಕ್ಯಾನು ಕೈಯಲ್ಲಿತ್ತು. ಅವರ ಅದೃಷ್ಟ, ಅದು ತುಂಬಿತ್ತು. ಹಾಲು ಚೆಲ್ಲುವುದು ನನ್ನ ಜಾಯಮಾನವಲ್ಲ.

ಪ್ಲೈವುಡ್ಡಿನ ಕಡೆಗಿದ್ದ ಎರಡನೆಯ ಮೈ ಗೀರು ಬಿದ್ದಿದ್ದರೂ ಓಡಿತು. ಅದನ್ನು ಮತ್ತೆ ಇಳಿಸಿ, ನಾಲ್ಕು ಕಡೆ ಇಟ್ಟಿದ್ದೇನೆ, ಯಾರಿಗೂ ಸಹಿ ಹಾಕಿ ಕೊಟ್ಟಿಲ್ಲ. ಮೊದಲ ಮೈ 'ಡ' ಅಕ್ಷರದ ಕೆಳಗೆ ಹೂತುಹೋಗಿತ್ತು. ಕೊಬ್ಬರಿ ಎಣ್ಣೆ ಹಚ್ಚಿ ನೋಡಿದೆ, ಬೆಂಕಿಕಡ್ಡಿ ಚೂಪು ಮಾಡಿ ಗೆರೆಗೆರೆಯಾಗಿ ಕೆರೆದು ನೋಡಿದೆ. ಡಿಸೆಂಬರಿನ ಬಿಸಿಲಲ್ಲಿ ಬಾಲ್ಕನಿಯಲ್ಲಿ ಕುಳಿತು ಹದಿನೈದು ದಿನ. ಬಣ್ಣದ ಜೊತೆ ಗೆರೆಯೂ ಎದ್ದು ಬಂತು. ಆ ಮೈಯ ಮೂರು ಹಾಡುಗಳು ಈಗ ಈ ಲೋಕದಲ್ಲಿರುವುದು ಆ ಸಿ.ಡಿ.ಯಲ್ಲಿ ಮಾತ್ರ, ಕಾಲ ಕೆಳಗೆ ನೆಲವಿಲ್ಲದೆ.

ಕೆರೆಯುವುದನ್ನು ಬಿಟ್ಟ ದಿನ ಬಾಗಿಲ ಹಿಂದಿನ ತಂಬೂರಿಯಿಂದ ಕೊಡೆಗಳನ್ನು ತೆಗೆದೆ. ಕರೋಲ್ ಬಾಗಿನಿಂದ ತಂತಿ ತರಿಸಿ ಕಟ್ಟಿದೆ. ಸಿ.ಡಿ. ಹಾಕಿ, ಟೀಚರ ಷಡ್ಜ ಹಿಡಿದು, ತಂತಿಗಳನ್ನು ಆ ದನಿಗೆ ಕೂಡಿಸಲು ಒಂದು ಬೆಳಗು ಹಿಡಿಯಿತು. ಆಮೇಲೆ ಇವರನ್ನು ಕರೆದೆ. ಅಂದು ಭಾನುವಾರ.

"ಕೂತ್ಕೊಳ್ಳಿ. ಇದನ್ನ ತೊಡೆ ಮೇಲೆ ಹೀಗಿಡಿ. ಮೀಟಿ."

"ನನಗೆಲ್ಲಿ ಬರುತ್ತೇ ಇದೆಲ್ಲ?"

"ಸಹಿ ಹಾಕೋಕೆ ಬರುತ್ತಲ್ಲ. ಅದೇ ಬೆರಳು ಸಾಕು."

ಮೇಘನಾ ಬಾಗಿಲಲ್ಲಿ ನಿಂತು ನಕ್ಕಳು. "ಪಾಪಾ, ಯೂ ಆರ್ ಸೋ ಡೆಡ್" ಎಂದಳು. ನಾನು ನಗಲಿಲ್ಲ. ಮೊದಲು ಅರ್ಧ ಗಂಟೆ ಮೀಟುವುದನ್ನು ಕಲಿಸಿದೆ. ಅವಸರ ಕೂಡದು, ಹಾಡು ಎತ್ತ ಹೋದರೂ ನೀವು ಹೋಗಬಾರದು, ಯಾರೂ ನಿಮ್ಮತ್ತ ನೋಡುವುದಿಲ್ಲ, ನಿಲ್ಲಿಸಬಾರದು. ಆಮೇಲೆ ಸಿ.ಡಿ. ಒತ್ತಿದೆ. ಆ ಹನ್ನೊಂದು ಸೆಕೆಂಡಿನ ಖಾಲಿಯಲ್ಲಿ ಇವರ ತಡವರಿಸುವ ತಂಬೂರಿ ತುಂಬಿಕೊಂಡಿತು. ಹನ್ನೊಂದಕ್ಕೆ ಟೀಚರ್ ಬಂದು ಅದರ ಮೇಲೆ ಕಾಲಿಟ್ಟರು. ಎರಡನೆಯ ಹಾಡಿಗೆ ಇವರ ಬೆರಳು ಕೆಂಪಾಯಿತು. "ಉರೀತಿದೆ ಕಣೇ" ಎಂದರು.

"ಗೊತ್ತು" ಎಂದೆ.

ಮೇಘನಾಗೆ ಮದುವೆಯಾಗಿದೆ, ಇವರು ನಿವೃತ್ತರಾಗಿದ್ದಾರೆ, ಲೋಧಿ ಕಾಲೋನಿ ಬಿಟ್ಟು ಇಲ್ಲಿಗೆ ಬಂದು ವರ್ಷಗಳಾದವು. ಆ ಭಾನುವಾರದ ಶಿಕ್ಷೆ ಮಾತ್ರ ನಿಂತಿಲ್ಲ. ಇವರ ಬೆರಳ ತುದಿ ಈಗ ಗಟ್ಟಿಯಾಗಿದೆ. ಮೊದಲಿನ ತಡವರಿಕೆ ಇಲ್ಲ. ಒಂದು ಮೀಟಿಗೂ ಇನ್ನೊಂದಕ್ಕೂ ಅಂತರ ಸಮ ಬಿದ್ದಿದೆ ಎಂದು ಇವರಿಗೆ ಹೇಳಿಲ್ಲ, ಹೇಳುವುದೂ ಇಲ್ಲ.

ಮೊನ್ನೆ ಪೇಂಟಿನ ವಾಸನೆ ಹೊತ್ತು ಮೇಲೆ ಬಂದವಳು ತರಕಾರಿ ಚೀಲವನ್ನು ಅಡುಗೆ ಕಟ್ಟೆಯ ಮೇಲೆ ಕುಕ್ಕಿದೆ. ಇವರು ಕನ್ನಡಕದ ಮೇಲಿಂದ ನನ್ನ ಮುಖ ನೋಡಿದರು.

"ಏನಾಯ್ತು?"

"ತಂಬೂರಿ ತಗೊಳ್ಳಿ."

"ಇವತ್ತು ಮಂಗಳವಾರ ಅಲ್ವೇನೇ?"

"ತಗೊಳ್ಳಿ ಅಂದೆ."

ಎದ್ದು ಗವಸು ಬಿಚ್ಚಿದರು. ನಾನು ಫ್ಯಾನು ನಿಲ್ಲಿಸಿ ಸಿ.ಡಿ. ಹಾಕಿದೆ. ಅಡುಗೆಮನೆಯಲ್ಲಿ ಕುಳಿತು ಹುರುಳಿಕಾಯಿ ನಾರು ಬಿಡಿಸುತ್ತ ಕೇಳಿದೆ. ಮೊದಲ ಹಾಡು ಮುಗಿಯಿತು, ಎರಡನೆಯದು ಮುಗಿಯಿತು. ಬಾಗಿಲ ಸಂದಿಯಿಂದ ಆ ಹಳದಿ ವಾಸನೆ ಒಳಗೆ ಬರುತ್ತಲೇ ಇತ್ತು. ಮೂರನೆಯದರ ನಡುವೆ ಇವರ ದನಿ ಕೇಳಿಸಿತು, ಮೀಟುತ್ತಲೇ:

"ಇನ್ನೂ ಸಿಟ್ಟು ಇದೆಯೇನೇ?"

"ಇದೆ" ಎಂದೆ. "ನಿಲ್ಲಿಸಬೇಡಿ."